ಮಲಗುವ ಮುನ್ನ ಹದಿನೈದು ನಿಮಿಷ: ದಿನದ ಆತ್ಮಶೋಧನೆ, ಹಂತ ಹಂತವಾಗಿ

"ನಾನು ಪಾಪಿ" ಎಂದು ಹೇಳಿಕೊಳ್ಳುವುದು ಕ್ರೈಸ್ತರಿಗೆ ಕಷ್ಟವೇನಲ್ಲ. ಪೂಜೆಯ ಆರಂಭದಲ್ಲಿ ಎದೆ ತಟ್ಟಿಕೊಂಡು ಎಲ್ಲರೂ ಒಟ್ಟಿಗೆ ಹೇಳುತ್ತೇವೆ, ಯಾರಿಗೂ ಮುಜುಗರವಾಗುವುದಿಲ್ಲ. "ನಿನ್ನೆ ಸಂಜೆ ಫೋನಿನಲ್ಲಿ ಅತ್ತಿಗೆಯ ಬಗ್ಗೆ ಆ ಮಾತು ಆಡಬಾರದಿತ್ತು" ಎನ್ನುವಾಗ ಮಾತ್ರ ನಾಲಗೆ ತಡವರಿಸುತ್ತದೆ. ಪಾಪನಿವೇದನೆಯ ಸಾಲಿನಲ್ಲಿ ನಿಂತಾಗಲೂ ಇದೇ ಕತೆ. ಮೊದಲ ಪರಮಪ್ರಸಾದಕ್ಕೆ ತಯಾರಾಗುವಾಗ ಸಿಸ್ಟರ್ ಕಲಿಸಿಕೊಟ್ಟ ಪಟ್ಟಿಯನ್ನೇ (ಸುಳ್ಳು ಹೇಳಿದೆ, ಕೋಪ ಮಾಡಿಕೊಂಡೆ, ಪೂಜೆ ತಪ್ಪಿಸಿದೆ) ಐವತ್ತರ ವಯಸ್ಸಿನಲ್ಲೂ ಒಪ್ಪಿಸುತ್ತೇವೆಂದು ಎಷ್ಟೋ ಜನ ನಗುತ್ತಲೇ ಹೇಳುತ್ತಾರೆ. ಆ ಪಟ್ಟಿ ಸುಳ್ಳಲ್ಲ. ಆದರೆ ಅದರಲ್ಲಿ ಈ ವಾರ ಎಲ್ಲೂ ಇಲ್ಲ.

ಈ ವಾರವನ್ನು, ಅದಕ್ಕಿಂತ ಹೆಚ್ಚಾಗಿ ಈ ಒಂದು ದಿನವನ್ನು, ಹೆಸರು ಹೊತ್ತುಗಳ ಸಮೇತ ದೇವರ ಮುಂದೆ ಇಡುವ ಅಭ್ಯಾಸವೇ ಆತ್ಮಶೋಧನೆ. ದಿನದ ಕೊನೆಗೆ ತನ್ನನ್ನು ತಾನು ನೋಡಿಕೊಳ್ಳುವುದು ಕ್ರೈಸ್ತರಷ್ಟೇ ಕಂಡುಕೊಂಡ ದಾರಿಯಲ್ಲ. ರೋಮಿನ ತತ್ವಜ್ಞಾನಿ ಸೆನೆಕ, ಒಂದನೇ ಶತಮಾನದವನು, ದೀಪ ಆರಿ ಹೆಂಡತಿ ಮಾತು ನಿಲ್ಲಿಸಿದ ಮೇಲೆ ತನ್ನ ದಿನವನ್ನೆಲ್ಲ ತಾನೇ ವಿಚಾರಣೆಗೆ ಎಳೆಯುತ್ತಿದ್ದುದನ್ನು ಕೋಪದ ಕುರಿತ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಅಲ್ಲಿ ಆರೋಪಿಯೂ ಅವನೇ, ನ್ಯಾಯಾಧೀಶನೂ ಅವನೇ. ಕ್ರೈಸ್ತ ಪದ್ಧತಿಯಲ್ಲಿ ಕೋಣೆಯೊಳಗೆ ಇನ್ನೊಬ್ಬರಿದ್ದಾರೆ. ಮಾತು ಅವರ ಜೊತೆ. ಇಷ್ಟು ಮರೆತರೆ ಉಳಿದ ಹಂತಗಳೆಲ್ಲ ಬರಿಯ ಮನಶ್ಶಾಸ್ತ್ರದ ವ್ಯಾಯಾಮವಾಗುತ್ತವೆ. ಅದೂ ಕೆಟ್ಟದ್ದಲ್ಲ, ಆದರೆ ಇದು ಅದಲ್ಲ.

ಇಲ್ಲಿ ಹೇಳುವ ಐದು ಹಂತಗಳು ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲರವು. 1548ರಲ್ಲಿ ಪೋಪ್ ಮೂರನೇ ಪೌಲರ ಒಪ್ಪಿಗೆ ಪಡೆದ ಅವರ 'ಆಧ್ಯಾತ್ಮಿಕ ಸಾಧನೆ'ಗಳ ಪುಸ್ತಕದಲ್ಲಿ ಇವು ಒಂದು ಪುಟವನ್ನೂ ತುಂಬುವುದಿಲ್ಲ. ಇಗ್ನೇಷಿಯಸ್ ಹುಟ್ಟು ಸಂತರಲ್ಲ, ಸ್ಪೇನಿನ ಶೋಕಿಯ ಸೈನಿಕ. 1521ರ ಮೇ ತಿಂಗಳಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಕತೆ ಕೇಳಿದರು. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಜೀವನಚರಿತ್ರೆ ಮತ್ತು ಸಂತರ ಕತೆಗಳು. ಹಗಲುಗನಸು ಎರಡು ಬಗೆಯದಾಯಿತು: ಒಮ್ಮೆ ಅರಮನೆಯ ಹೆಣ್ಣನ್ನು ಮೆಚ್ಚಿಸುವ ಸಾಹಸ, ಇನ್ನೊಮ್ಮೆ ಸಂತರ ಹಾಗೆ ಬರಿಗಾಲಲ್ಲಿ ಜೆರುಸಲೇಮಿಗೆ ಹೋಗುವುದು. ಕನಸು ಕಾಣುವಾಗ ಎರಡೂ ಸಿಹಿಯೇ. ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಬರಡು ಮಾಡುತ್ತಿತ್ತು, ಎರಡನೆಯದು ತುಂಬಿಸುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ಮುಂದಿನ ಬದುಕಿಗೆಲ್ಲ ಬೀಜ. ಯೇಸುಸಭೆಯ ಗುರುಗಳು ಮಂಗಳೂರಿಗೆ 1878ರಲ್ಲಿ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು; ಅವರು ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಮಾಡುವ ಈ ಶೋಧನೆಗೆ ಗುರುಪಟ್ಟವೇನೂ ಬೇಡ. ಕಥೋಲಿಕರೇ ಆಗಬೇಕೆಂದೂ ಇಲ್ಲ.

ಮೊದಲು ಸಿದ್ಧತೆ

ಸಮಯ ನಿಗದಿಮಾಡಿ. ಹತ್ತರಿಂದ ಹದಿನೈದು ನಿಮಿಷ ಸಾಕು. ಅರ್ಧ ಗಂಟೆ ಎಂದು ಹಟ ಹಿಡಿದವರು ಬಹಳ ದಿನ ಉಳಿಯುವುದಿಲ್ಲ. ಹಾಸಿಗೆಯ ಮೇಲೆ ಬೇಡ, ಎರಡನೇ ಹಂತಕ್ಕೆ ಬರುವಷ್ಟರಲ್ಲಿ ಗೊರಕೆ ಬಂದಿರುತ್ತದೆ. ಊಟವಾಗಿ ಪಾತ್ರೆಗಳೆಲ್ಲ ತೊಳೆದಾದ ಮೇಲೆ ಒಂದು ಕುರ್ಚಿ, ಫೋನು ಬೇರೆ ಕೋಣೆಯಲ್ಲಿ. ಚಿಕ್ಕ ಮನೆ, ಕೋಣೆ ಒಂದೇ ಎನ್ನುವವರಿಗೆ ಮಹಡಿಯ ಮೆಟ್ಟಿಲು ಇದೆ. ರಾತ್ರಿ ಪಾಳಿಯವರು ಕೆಲಸ ಮುಗಿಸಿ ಬರುವಾಗ ಬಸ್ಸಿನಲ್ಲೇ ಮಾಡಬಹುದು. ದಿನ ಮುಗಿಯುವುದು ಗಡಿಯಾರಕ್ಕಲ್ಲ, ನಿಮಗೆ. ಒಂದು ಚಿಕ್ಕ ನೋಟುಪುಸ್ತಕ, ಪೆನ್ನು ಹತ್ತಿರವಿರಲಿ. ಇದಕ್ಕೆಂದೇ ಫೋನಿನ ಆ್ಯಪ್‌ಗಳೂ ಇವೆ. ನನಗೆ ಅವುಗಳ ಮೇಲೆ ದ್ವೇಷವಿಲ್ಲ, ಆದರೆ ಫೋನು ಕೈಗೆತ್ತಿಕೊಂಡವರು ಪ್ರಾರ್ಥನೆಗೆ ತಲುಪುವ ಮೊದಲು ಎಲ್ಲೆಲ್ಲಿ ಹೋಗಿಬರುತ್ತಾರೆಂದು ಎಲ್ಲರಿಗೂ ಗೊತ್ತು.

ಶಿಲುಬೆಯ ಗುರುತು ಹಾಕಿಕೊಳ್ಳುವವರು ಹಾಕಿಕೊಳ್ಳಿ. ಒಂದು ನಿಮಿಷ ಸುಮ್ಮನಿರಿ.

ಹಂತ 1: ಧನ್ಯವಾದ

ಹೊಸಬರು ಇಲ್ಲೇ ಎಡವುತ್ತಾರೆ. ಆತ್ಮಶೋಧನೆ ಎಂದ ಕೂಡಲೇ ತಪ್ಪು ಹುಡುಕಲು ಶುರುಮಾಡುತ್ತಾರೆ. ಇಗ್ನೇಷಿಯಸ್ ಮೊದಲು ಇಟ್ಟಿರುವುದು ಕೃತಜ್ಞತೆಯನ್ನು. ತಪ್ಪಿನ ಸರದಿ ಆಮೇಲೆ. ಯಾರಿಂದ ಏನೇನು ಪಡೆದೆ ಎಂಬುದು ತಿಳಿಯದೆ ಅವರಿಗೆ ಎಲ್ಲಿ ದ್ರೋಹ ಮಾಡಿದೆ ಎಂಬುದೂ ತಿಳಿಯುವುದಿಲ್ಲ.

ಮೂರು ಸಂಗತಿಗಳನ್ನು ನೆನೆಯಿರಿ, ಮೂರೂ ಇವತ್ತಿನವೇ ಆಗಿರಲಿ. "ಆರೋಗ್ಯ ಕೊಟ್ಟಿದ್ದೀರಿ, ಕುಟುಂಬ ಕೊಟ್ಟಿದ್ದೀರಿ" ಎನ್ನುವುದು ಮತ್ತೆ ಅದೇ ಒಟ್ಟಾರೆ ಮಾತು. ನಲ್ಲಿಯಲ್ಲಿ ಬೆಳಗ್ಗೆ ಐದಕ್ಕೇ ನೀರು ಬಂತು, ಮಗಳು ತಾನಾಗಿ ಬಂದು ಪಕ್ಕದಲ್ಲಿ ಕೂತಳು, ಡಾಕ್ಟರು ರಿಪೋರ್ಟು ನೋಡಿ ಏನೂ ತೊಂದರೆಯಿಲ್ಲವೆಂದರು. ಹೀಗೆ.

ಒಂದು ಎಚ್ಚರಿಕೆ. ಲೂಕನ ಸುವಾರ್ತೆಯ 18ನೇ ಅಧ್ಯಾಯದ ಸಾಮತಿಯಲ್ಲಿ ಫರಿಸಾಯ ಮತ್ತು ಸುಂಕದವನು ಇಬ್ಬರೂ ದೇವಾಲಯಕ್ಕೆ ಪ್ರಾರ್ಥನೆಗೆ ಹೋಗುತ್ತಾರೆ. ಧನ್ಯವಾದದಿಂದ ಪ್ರಾರ್ಥನೆ ಶುರುಮಾಡಿದವನು ಫರಿಸಾಯನೇ! ಆದರೂ ದೇವರಿಗೆ ಒಪ್ಪಿಗೆಯಾಗಿ ಮನೆಗೆ ಹಿಂದಿರುಗಿದವನು ಅವನಲ್ಲ. ತಾನು ಉಳಿದವರ ಹಾಗಲ್ಲ ಎಂಬುದು ಅವನ ಕೃತಜ್ಞತೆಗೆ ಆಧಾರ. ಪಕ್ಕದಲ್ಲಿ ಒಬ್ಬ ಸುಂಕದವನು ಇಲ್ಲದಿದ್ದರೆ ಅವನ ಧನ್ಯವಾದಕ್ಕೆ ಕಾಲೇ ಇಲ್ಲ. ನಿಮ್ಮದನ್ನೂ ಹೀಗೆ ಪರೀಕ್ಷಿಸಿ: "ನನ್ನ ಮಗನಿಗೆ ಸೀಟು ಸಿಕ್ಕಿತು" ಎಂಬ ಸಂತೋಷದ ಅಡಿಯಲ್ಲಿ "ಅವರ ಮಗನಿಗೆ ಸಿಗಲಿಲ್ಲ" ಎಂಬುದು ಕೂತಿದೆಯೇ? ಕೂತಿದ್ದರೆ ಬರೆದಿಟ್ಟುಕೊಳ್ಳಿ, ಮೂರನೇ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 2: ಬೆಳಕು ಕೇಳಿಕೊಳ್ಳಿ

ಚಿಕ್ಕ ಹಂತ, ಅರ್ಧ ನಿಮಿಷದ್ದು. ನಮ್ಮ ದಿನವನ್ನು ನಾವೇ ನೋಡಿದರೆ ಒಂದೋ ನಮ್ಮ ಪರ ವಕಾಲತ್ತು ಮಾಡುತ್ತೇವೆ, ಇಲ್ಲವೇ ಅನಾವಶ್ಯಕವಾಗಿ ಜರೆದುಕೊಳ್ಳುತ್ತೇವೆ. ಆದ್ದರಿಂದ ಪವಿತ್ರಾತ್ಮರೇ ತೋರಿಸಲಿ ಎಂದು ಬೇಡಿಕೊಳ್ಳುವುದು. ಸ್ವಂತ ಮಾತು ಹೊಳೆಯದವರು ಸತ್ಯವೇದದಲ್ಲಿ 139ನೇ ಕೀರ್ತನೆಯ ಕೊನೆಯ ಎರಡು ವಚನಗಳನ್ನು ತೆರೆದು ಓದಿಕೊಳ್ಳಿ. ಶತಮಾನಗಳಿಂದ ಜನ ಈ ಕೆಲಸಕ್ಕೆ ಅದನ್ನೇ ಬಳಸುತ್ತಾ ಬಂದಿದ್ದಾರೆ.

ಹಂತ 3: ದಿನವನ್ನು ಮತ್ತೆ ನಡೆದುನೋಡಿ

ಅರ್ಧಕ್ಕಿಂತ ಹೆಚ್ಚು ಸಮಯ ಇದಕ್ಕೇ ಬೇಕು. ಎದ್ದ ಗಳಿಗೆಯಿಂದ ಈ ಗಳಿಗೆಯವರೆಗೆ ಗಂಟೆಗಂಟೆಗೆ, ಇಲ್ಲವೇ ಹೊತ್ತುಹೊತ್ತಿಗೆ ಬನ್ನಿ ಎನ್ನುತ್ತಾರೆ ಇಗ್ನೇಷಿಯಸ್. ಮೊದಲು ಯೋಚನೆ, ಆಮೇಲೆ ಮಾತು, ಆಮೇಲೆ ಕೃತಿ. ಹೊಸಬರಿಗೆ ಗಂಟೆಗಳ ಲೆಕ್ಕ ಒಗ್ಗದಿದ್ದರೆ ಮುಖಗಳನ್ನು ಹಿಡಿದು ನಡೆಯಿರಿ: ಹಾಲು ತಂದವರು, ಬಸ್ಸಿನ ಕಂಡಕ್ಟರು, ಪಕ್ಕದ ಟೇಬಲ್ಲಿನ ಸಹೋದ್ಯೋಗಿ, ಫೋನಿನಲ್ಲಿ ಅಮ್ಮ, ಸಂಜೆ ತರಕಾರಿಯವಳು. ಪ್ರತಿಯೊಬ್ಬರ ಮುಂದೆ ನಿಂತು ಒಂದೇ ಪ್ರಶ್ನೆ: ಇವರ ಜೊತೆಗಿದ್ದಾಗ ನನ್ನ ಮನಸ್ಸು ಅರಳಿತೇ, ಮುದುಡಿತೇ?

ಅರಳಿದ ಜಾಗಗಳನ್ನೂ ಬರೆದುಕೊಳ್ಳಬೇಕು. ಇದು ಕೇವಲ ತಪ್ಪುಗಳ ದಾಖಲೆಯಲ್ಲ. ಹಾಸಿಗೆಯಲ್ಲಿ ಮಲಗಿದ್ದ ಸೈನಿಕ ಗಮನಿಸಿದ್ದು ಇದನ್ನೇ: ಮುಗಿದ ಮೇಲೆ ಏನು ಉಳಿಯಿತು? ಒಂದು ಗಂಟೆ ಫೋನು ಉಜ್ಜಿದ ಮೇಲೆ ಉಳಿದದ್ದೇನು, ಆಸ್ಪತ್ರೆಯಲ್ಲಿರುವ ನೆರೆಯವರನ್ನು ಹತ್ತು ನಿಮಿಷ ಕಂಡುಬಂದ ಮೇಲೆ ಉಳಿದದ್ದೇನು? ದಿನವೂ ನೋಡುತ್ತಾ ಹೋದರೆ ದೇವರು ನಿಮ್ಮನ್ನು ಯಾವ ಕಡೆಗೆ ಎಳೆಯುತ್ತಿದ್ದಾರೆಂಬ ಜಾಡು ಕಾಣುತ್ತದೆ.

ಇನ್ನು ತಪ್ಪುಗಳು. ಬರೆಯುವಾಗ ಜಾಗ, ಹೊತ್ತು, ವ್ಯಕ್ತಿ ಮೂರೂ ಇರಲಿ. "ಇವತ್ತು ತಾಳ್ಮೆ ಕಳೆದುಕೊಂಡೆ" ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. "ಮಧ್ಯಾಹ್ನ ಬ್ಯಾಂಕಿನ ಸಾಲಿನಲ್ಲಿ ಮುಂದಿದ್ದ ಅಜ್ಜ ಚಲನ್ ತುಂಬಲು ತಡಮಾಡಿದಾಗ ಎಲ್ಲರಿಗೂ ಕೇಳುವ ಹಾಗೆ ಲೊಚಗುಟ್ಟಿದೆ, ಅವರು ತಿರುಗಿ, ತಪ್ಪಾಯ್ತು ಎಂದರು." ಹೀಗೆ ಬರೆದಾಗ ಕಣ್ಣಿಗೆ ಕಟ್ಟುವುದು ಆ ಅಜ್ಜನ ಮುಖ. ಪಶ್ಚಾತ್ತಾಪ ಹುಟ್ಟಬೇಕಾದದ್ದು ಆ ಮುಖದಿಂದ. 'ತಾಳ್ಮೆ' ಎಂಬ ಸದ್ಗುಣದ ಪಾಠದಿಂದ ಅದು ಹುಟ್ಟಿದ್ದನ್ನು ನಾನು ಕಂಡಿಲ್ಲ. ಬೆಳಗ್ಗೆ ಸಂಬಂಧಿಕರ ವಾಟ್ಸ್ಯಾಪ್ ಗುಂಪಿಗೆ, ನಿಜವೋ ಸುಳ್ಳೋ ನೋಡದೆ, ಇನ್ನೊಂದು ಜಾತಿಯವರನ್ನೋ ಇನ್ನೊಂದು ಸಭೆಯವರನ್ನೋ ಹೀಯಾಳಿಸುವ ಸಂದೇಶ ತಳ್ಳಿದ್ದರೆ ಅದು ಮಾತಿಗೂ ಸೇರುತ್ತದೆ, ಕೃತಿಗೂ ಸೇರುತ್ತದೆ.

ಮಾಡದೇ ಉಳಿದದ್ದರ ಕಡೆಗೂ ನೋಡಿ. ಲೂಕನ 16ನೇ ಅಧ್ಯಾಯದ ಶ್ರೀಮಂತ ತನ್ನ ಬಾಗಿಲಲ್ಲಿ ಬಿದ್ದಿದ್ದ ಬಡವನನ್ನು ಹೊಡೆಯಲಿಲ್ಲ, ಓಡಿಸಲಿಲ್ಲ. ದಿನವೂ ಅವನನ್ನು ದಾಟಿ ಒಳಗೆ ಹೋಗಿ ಊಟ ಮಾಡಿದ, ಅಷ್ಟೇ. ಆ ಕತೆಯಲ್ಲಿ ಬಡವನಿಗೆ ಲಾಜರ ಎಂಬ ಹೆಸರಿದೆ, ಶ್ರೀಮಂತನಿಗೆ ಹೆಸರಿಲ್ಲ. ನಮ್ಮ ಬದುಕಿನಲ್ಲಿ ಇದು ತಿರುಗುಮುರುಗಾಗಿರುತ್ತದೆ. ವರ್ಷಗಳಿಂದ ಅಪಾರ್ಟ್‌ಮೆಂಟಿನ ಗೇಟು ತೆಗೆಯುವವರ ಹೆಸರು ನೋಟುಪುಸ್ತಕದಲ್ಲಿ ಬರೆಯಲು ಹೋದಾಗ ನಿಮಗೆ ಗೊತ್ತೇ ಇಲ್ಲವೆಂದು ತಿಳಿದರೆ ಅಂದಿನ ಶೋಧನೆ ಅಲ್ಲಿಗೇ ನಿಲ್ಲಿಸಬಹುದು. ನಾಳೆಯ ಕೆಲಸ ಸಿಕ್ಕಿತು. ಮನೆಗೆಲಸದವರಿಗೆ ಒಂದನೇ ತಾರೀಕು ಕೊಡಬೇಕಾದ ಸಂಬಳ ಐದಾದರೂ ಕೈಗೆ ಹೋಗಿಲ್ಲವೇ? ಮರೆತೆವು ಎನ್ನುತ್ತೇವೆ. ನಮ್ಮ ಸಂಬಳ ತಡವಾದರೆ ಮರೆಯುತ್ತೇವೆಯೇ?

ಇಡೀ ದಿನವನ್ನು ಜಾಲಾಡಬೇಕಿಲ್ಲ. ಎರಡೋ ಮೂರೋ ಗಳಿಗೆಗಳು ತಾವಾಗಿ ಮೇಲೆ ಬರುತ್ತವೆ. ಅವುಗಳ ಮುಂದೆ ನಿಲ್ಲಿ.

ಹಂತ 4: ಕ್ಷಮೆ

ಯೇಸು ಹಿಡಿದುಕೊಡಲ್ಪಟ್ಟ ರಾತ್ರಿ ಇಬ್ಬರು ಶಿಷ್ಯರು ಅವರಿಗೆ ತಪ್ಪಿ ನಡೆದರು. ಯೂದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಎಸೆದ, ತಾನು ನಿರಪರಾಧಿಯ ರಕ್ತಕ್ಕೆ ದ್ರೋಹ ಬಗೆದೆನೆಂದು ಒಪ್ಪಿಕೊಂಡ. ಯೇಸು ಯಾರೆಂದೇ ಗೊತ್ತಿಲ್ಲವೆಂದ ಪೇತ್ರನ ಬಾಯಿಂದ ತಪ್ಪೊಪ್ಪಿಗೆಯ ಒಂದು ಮಾತೂ ಬರಲಿಲ್ಲ. ನೋಡಿದರೆ ಯೂದನ ಆತ್ಮಶೋಧನೆಯೇ ಹೆಚ್ಚು ಪೂರ್ಣ. ಆದರೆ ಅವನು ಒಪ್ಪಿಸಿದ್ದು ಯಾಜಕರ ಮುಂದೆ, ಅವರು ಅದು ನಮಗೇನು ಎಂದರು. ಅವನು ಒಬ್ಬನೇ ಹೋಗಿ ಸತ್ತ. ಪೇತ್ರನ ಕಡೆಗೆ ಯೇಸು ತಿರುಗಿ ನೋಡಿದರು ಎಂದು ಲೂಕ ಬರೆಯುತ್ತಾನೆ. ಅವನು ಹೊರಗೆ ಹೋಗಿ ಅತ್ತ. ಈ ಹಂತದಲ್ಲಿ ನೀವು ಮಾಡಬೇಕಾದದ್ದು ಆ ನೋಟಕ್ಕೆ ಎದುರಾಗುವುದು ಮಾತ್ರ. ಉದ್ದದ ಮಾತು ಬೇಡ. ಅಜ್ಜನ ವಿಷಯ ಹೇಳಿ, ಕ್ಷಮಿಸಿ ಎನ್ನಿ, ಮುಂದೆ ಹೋಗಿ.

ದೇವರಲ್ಲಿ ಕೇಳಿದರೆ ಮುಗಿಯಿತು ಎಂದು ಜಾರಿಕೊಳ್ಳುವ ದಾರಿ ಮಾತ್ರ ಮುಚ್ಚಿದೆ. ಸಹೋದರನಿಗೆ ನಿಮ್ಮ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನಲ್ಲಿಗೆ ಹೋಗಬೇಕೆಂಬುದು ಮತ್ತಾಯನ 5ನೇ ಅಧ್ಯಾಯದಲ್ಲಿದೆ. ಸುವಾರ್ತೆಯ ಸುಂಕದ ಅಧಿಕಾರಿ ಜಕ್ಕಾಯ ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸಲು ಮುಂದಾದ. ಹಣದ ವಿಷಯವಾದರೆ ಹಣವನ್ನೇ ಕೊಡಬೇಕು, ಜಪಸರ ಹೇಳಿ ತೀರಿಸಲಾಗದು. ಕಥೋಲಿಕರು ಗಂಭೀರ ಪಾಪವನ್ನು ಪಾಪನಿವೇದನೆಗೆ ಒಯ್ಯಬೇಕು. 1215ರ ಲ್ಯಾಟರನ್ ಮಹಾಸಭೆಯಿಂದೀಚೆಗೆ ವರ್ಷಕ್ಕೊಮ್ಮೆಯಾದರೂ ಎಂಬ ನಿಯಮವಿದೆ. ನೋಟುಪುಸ್ತಕ ಇಟ್ಟವರಿಗೆ ಅಲ್ಲಿ ಹಳೆಯ ಪಟ್ಟಿ ಬೇಕಾಗುವುದಿಲ್ಲ. ಪ್ರಾಟೆಸ್ಟಂಟರಿಗೆ ಕರ್ತನ ಭೋಜನದ ಹಿಂದಿನ ಶನಿವಾರ ರಾತ್ರಿ ಒಳ್ಳೆಯ ಸಮಯ: ರೊಟ್ಟಿ ತಿನ್ನುವ ಮೊದಲು ತನ್ನನ್ನು ಪರೀಕ್ಷಿಸಿಕೊಳ್ಳಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದು ಅದಕ್ಕೇ.

ಹಂತ 5: ನಾಳೆಯ ಒಂದು ಕೆಲಸ

ಒಂದೇ. "ಇನ್ನು ಮುಂದೆ ಕೋಪ ಮಾಡಿಕೊಳ್ಳುವುದಿಲ್ಲ" ಎಂಬುದು ಕೆಲಸವಲ್ಲ, ಆಸೆ. "ನಾಳೆ ಒಂಬತ್ತಕ್ಕೆ ಗೇಟಿನ ಬಳಿ ನಿಂತು ಅವರ ಹೆಸರು ಕೇಳುತ್ತೇನೆ" ಎಂಬುದು ಕೆಲಸ. ನಾಳೆ ಯಾರ್‍ಯಾರನ್ನು ಕಾಣಬೇಕಿದೆ, ಅವರಲ್ಲಿ ಯಾರ ಹೆಸರು ನೆನೆದರೆ ಹೊಟ್ಟೆಯಲ್ಲಿ ಬಿಗಿಯಾಗುತ್ತದೆ ಎಂದು ನೋಡಿ. ಆ ಭೇಟಿಗೆಂದೇ ಶಕ್ತಿ ಬೇಡಿ. ಪರಲೋಕ ಮಂತ್ರ ಹೇಳಿ ಏಳಿ.

ಮೊದಲ ತಿಂಗಳು

ಐದೂ ಹಂತಗಳನ್ನು ಮೊದಲ ರಾತ್ರಿಯೇ ಮಾಡಲು ಹೋಗಬೇಡಿ. ಮೊದಲ ವಾರ ಬರೀ ಮೊದಲ ಹಂತ. ಎರಡನೇ ವಾರ ಮೂರನೆಯದನ್ನು ಸೇರಿಸಿ. ಆಮೇಲೆ ಉಳಿದವು ತಾವಾಗಿ ಬಂದು ಕೂಡಿಕೊಳ್ಳುತ್ತವೆ. ಒಂದು ರಾತ್ರಿ ತಪ್ಪಿದರೆ ಮರುರಾತ್ರಿ ಎರಡು ದಿನದ ಬಾಕಿ ತೀರಿಸಲು ಕೂರಬೇಡಿ, ಅಂದಿನದನ್ನು ಮಾಡಿ.

ಮನೆಯಲ್ಲಿ ಮಕ್ಕಳಿದ್ದರೆ ಊಟದ ಹೊತ್ತಿಗೆ ಎರಡು ಪ್ರಶ್ನೆ ಸಾಕು: ಇವತ್ತು ಯಾವುದು ಖುಷಿಯಾಯಿತು, ಯಾವುದು ಬೇಜಾರಾಯಿತು? ದೊಡ್ಡವರೂ ಉತ್ತರ ಕೊಡಬೇಕು. ಬುದ್ಧಿವಾದ ಹೇಳುವ ಅವಕಾಶವೆಂದು ತಿಳಿದರೆ ಮೂರನೇ ದಿನ ಮಕ್ಕಳು "ಏನೂ ಇಲ್ಲ" ಎನ್ನಲು ಕಲಿಯುತ್ತಾರೆ.

ತಿಂಗಳಾದ ಮೇಲೆ: ಒಂದೇ ದೋಷದ ಬೆನ್ನು ಹತ್ತುವುದು

ಪುಟಗಳನ್ನು ತಿರುವಿದಾಗ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಒಬ್ಬರಿಗೆ ಚಾಡಿ, ಇನ್ನೊಬ್ಬರಿಗೆ ಚಿಕ್ಕಪುಟ್ಟ ಸುಳ್ಳು. ಇದಕ್ಕೆ ಇಗ್ನೇಷಿಯಸ್ ಕೊಡುವ ಉಪಾಯ ಗುಮಾಸ್ತರ ಕೆಲಸದಷ್ಟು ಸರಳ. ಪುಟದ ಮೇಲೆ ವಾರದ ಏಳು ದಿನಕ್ಕೂ ದಿನಕ್ಕೆರಡರಂತೆ ಗೆರೆ ಎಳೆಯಿರಿ: ಒಂದು ಮಧ್ಯಾಹ್ನದವರೆಗಿನದು, ಒಂದು ರಾತ್ರಿಯವರೆಗಿನದು. ಆ ತಪ್ಪು ಮಾಡಿದಷ್ಟು ಸಲ ಗೆರೆಯ ಮೇಲೆ ಚುಕ್ಕಿ ಇಡಿ. ಮೊದಲ ದಿನದ ಗೆರೆ ಉದ್ದ, ಬರಬರುತ್ತಾ ಗಿಡ್ಡ. ಚುಕ್ಕಿಗಳೂ ಕಡಿಮೆಯಾಗಲಿ ಎಂಬ ಭರವಸೆಯಿಂದ. ಬೆಳಗಿಗೆ ಸಂಜೆಯನ್ನು, ನಿನ್ನೆಗೆ ಇವತ್ತನ್ನು, ಹೋದ ವಾರಕ್ಕೆ ಈ ವಾರವನ್ನು ಹೋಲಿಸಿ ನೋಡುವುದು.

ಹಗಲಲ್ಲಿ ತಪ್ಪಿದ ಕೂಡಲೇ ಕೈಯನ್ನು ಎದೆಯ ಮೇಲಿಡಿ ಎಂದೂ ಹೇಳಿದ್ದಾರೆ. ನಾಲ್ಕು ಜನರ ನಡುವೆಯೂ ಇದನ್ನು ಯಾರಿಗೂ ತಿಳಿಯದ ಹಾಗೆ ಮಾಡಬಹುದು. ಐನೂರು ವರ್ಷದ ಹಿಂದಿನ ಈ ಸಲಹೆಯನ್ನು ಇವತ್ತಿನ ಮೀಟಿಂಗಿನಲ್ಲಿ ಕೂತು ಪರೀಕ್ಷಿಸಿ ನೋಡಿ.

ಅತಿಯಾದಾಗ

ಕೆಲವರಿಗೆ ಈ ಅಭ್ಯಾಸ ಹಾನಿ ಮಾಡುತ್ತದೆ. ಹೇಳಿದ ಪಾಪವನ್ನೇ ಮತ್ತೆ ಹೇಳಬೇಕೆನಿಸುವುದು, ಕ್ಷಮೆ ಸಿಕ್ಕಿತೋ ಇಲ್ಲವೋ ಎಂಬ ಶಂಕೆ, ಮಾಡದ ತಪ್ಪಿಗೂ ನಡುಗುವುದು. ಇಗ್ನೇಷಿಯಸ್ ಇದನ್ನು ಸ್ವತಃ ಅನುಭವಿಸಿದವರು. 1522ರಲ್ಲಿ ಮನ್ರೇಸಾ ಊರಿನಲ್ಲಿದ್ದಾಗ ಹಳೆಯ ಪಾಪಗಳು ಪೂರ್ತಿ ಹೇಳಿದ್ದಾಯಿತೇ ಎಂಬ ಕೊರಗು ಆತ್ಮಹತ್ಯೆಯ ಯೋಚನೆಯವರೆಗೂ ಒಯ್ದಿತು. ಬಹಳ ಸ್ಪಷ್ಟವಾದದ್ದನ್ನು ಬಿಟ್ಟು ಬೇರೆ ಯಾವ ಹಳೆಯ ಪಾಪವನ್ನೂ ಹೇಳಬೇಡಿ ಎಂದು ಪಾಪನಿವೇದನೆಯ ಗುರುಗಳು ಅಪ್ಪಣೆ ಮಾಡಿದರು. ಪೇಚಾಟವೆಂದರೆ, ಅವರಿಗೆ ಎಲ್ಲವೂ ಬಹಳ ಸ್ಪಷ್ಟವಾಗಿಯೇ ಕಾಣುತ್ತಿತ್ತು! ಕೊನೆಗೆ ಹಳೆಯದನ್ನು ಮತ್ತೆ ಹೇಳುವುದೇ ಇಲ್ಲವೆಂದು ನಿರ್ಧರಿಸಿದ ಮೇಲೆ ಬಿಡುಗಡೆ ಸಿಕ್ಕಿತು.

ಅಕ್ಕಿಯಲ್ಲಿ ಕಲ್ಲು ಆರಿಸುತ್ತಲೇ ಕೂತರೆ ಒಲೆಗೆ ಎಸರು ಇಡುವುದು ಯಾವಾಗ? ನಿಮ್ಮ ಸ್ವಭಾವ ಇಂಥದ್ದಾದರೆ ಮೂರನೇ ಹಂತವನ್ನು ಮೂರು ನಿಮಿಷಕ್ಕೆ ಇಳಿಸಿ, ಮೊದಲನೆಯದಕ್ಕೆ ಹತ್ತು ಕೊಡಿ. ನಂಬಿಕೆಯ ಒಬ್ಬ ಗುರುಗಳ ಅಥವಾ ಸಭಾಪಾಲಕರ ಮಾತಿಗೆ ಕಟ್ಟುಬೀಳಿ. ಬದುಕುವುದೇ ಬೇಡ ಎನಿಸುವ ಮಟ್ಟಿಗೆ ಹೋದರೆ ಮನೆಯವರಿಗೆ ಹೇಳಿ, ಅಂದೇ ಮನೋವೈದ್ಯರನ್ನು ಕಾಣಿರಿ. ಪ್ರಾರ್ಥನೆ ಆಮೇಲೂ ಇರುತ್ತದೆ.

ಜೊತೆಗಾರರು

ಒಂಟಿಯಾಗಿ ಮಾಡುವವರು ತಮ್ಮ ಕುರುಡು ಜಾಗಗಳನ್ನು ಕಾಣಲಾರರು. ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿ 1738ರ ಡಿಸೆಂಬರ್‌ನಲ್ಲಿ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು: ವಾರಕ್ಕೊಮ್ಮೆಯಾದರೂ ಸೇರಬೇಕು, ಕಳೆದ ಸಲದಿಂದೀಚೆಗೆ ತಿಳಿದೂ ಮಾಡಿದ ಪಾಪವೇನು, ಎದುರಾದ ಪ್ರಲೋಭನೆ ಯಾವುದು, ಅದರಿಂದ ಪಾರಾದದ್ದು ಹೇಗೆ ಎಂದು ಒಬ್ಬರನ್ನೊಬ್ಬರು ಕೇಳಬೇಕು. ಅವರ ಪರಂಪರೆಯ ವೆಸ್ಲಿಯನ್ ಮಿಷನರಿಗಳು ಹಳೆಯ ಮೈಸೂರಿನ ಕಡೆ ಕಟ್ಟಿದ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿದವು. ಆ ಪ್ರಶ್ನೆಗಳನ್ನು ಅಷ್ಟು ನೇರವಾಗಿ ಕೇಳಿದರೆ ನಮ್ಮಲ್ಲಿ ಮರುವಾರ ಯಾರೂ ಬರುವುದಿಲ್ಲ ಎಂಬುದು ನನ್ನ ಅನುಮಾನ. ನಮ್ಮ ಊರುಗಳಲ್ಲಿ ಸುದ್ದಿ ಹಬ್ಬುವ ವೇಗ ಅಂಥದ್ದು. ಬಾಯಿ ಬಿಗಿ ಇರುವ ಒಬ್ಬ ಸ್ನೇಹಿತ ಅಥವಾ ಸ್ನೇಹಿತೆ ಸಾಕು. ಗಂಡಹೆಂಡಿರು ಪರಸ್ಪರ ಮಾಡುವುದಾದರೆ ಒಂದು ಕರಾರು: ತನ್ನ ತಪ್ಪನ್ನು ಮಾತ್ರ ಹೇಳಬೇಕು, ಎದುರಿನವರದ್ದನ್ನು ನೆನಪಿಸಬಾರದು.

ನೋಟುಪುಸ್ತಕದ ವಿಷಯ

ಅದರಲ್ಲಿ ಬೇರೆಯವರ ಮಾನವೂ ಇದೆ. ಪೂರ್ತಿ ಹೆಸರು ಬರೆಯಬೇಡಿ, ಮೊದಲ ಅಕ್ಷರ ಸಾಕು. ಬೀಗವಿರುವ ಡ್ರಾಯರಿನಲ್ಲಿಡಿ. ಪಾಪನಿವೇದನೆ ಆದ ಮೇಲೆ, ಅಥವಾ ಆ ವ್ಯಕ್ತಿಯ ಜೊತೆ ರಾಜಿಯಾದ ಮೇಲೆ, ತಪ್ಪುಗಳ ಪುಟಗಳನ್ನು ಹರಿದುಹಾಕಿ. ಧನ್ಯವಾದದ ಪುಟಗಳನ್ನು ಇಟ್ಟುಕೊಳ್ಳಿ. ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಂದು ಒಮ್ಮೆ ಕೂತು ಅವನ್ನಷ್ಟೇ ಓದಿ.